ಕಲಾನಿಧಿಗಳ ನಾಣ್ಯ ಪರೀಕ್ಷೆ

ಬೀದಿಯ ತಿರುವಿನಲ್ಲಿದ್ದ ಲಾಂಡ್ರಿ ಅಂಗಡಿಯ ಮೇಲೆ ಒಂದು ಬೋರ್ಡು ಇತ್ತು: ‘ಇಲ್ಲಿ ಎಲ್ಲ ಬಗೆಯ ಕಲೆಗಳನ್ನು ತೆಗೆಯಲಾಗುವುದು. ಕಲೆ ಹೋಗದಿದ್ದರೆ ಕಾಸು ಬೇಡ.’ ಅದನ್ನು ನೇತುಹಾಕಿದ ದಿನವೇ ಪಕ್ಕದ ಸಲೂನಿನವನು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಎರಡೆರಡು ಸಲ ಓದಿ, “ಅಣ್ಣಾ, ಸಂಗೀತ, ನಾಟ್ಯ, ಚಿತ್ರ ಎಲ್ಲಾನೂ ತೆಗೆದುಬಿಡ್ತೀಯಾ? ಊರಲ್ಲಿ ಇನ್ನೇನು ಉಳಿಯುತ್ತೆ?” ಎಂದು ಕೇಳಿದ್ದ. ಅಂದಿನಿಂದ ಲಾಂಡ್ರಿಯ ಯಜಮಾನರಿಗೆ ‘ಕಲಾನಿಧಿ’ ಎಂಬ ಹೆಸರು ಅಂಟಿಕೊಂಡಿತು. ಎಂಥ ಕಲೆಯನ್ನೂ ತೆಗೆಯಬಲ್ಲ ಆ ಮಹಾನುಭಾವರಿಗೆ ಈ ಹೆಸರನ್ನು ಮಾತ್ರ ತೆಗೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ತೆಗೆಯುವ ಮನಸ್ಸೂ ಅವರಿಗಿರಲಿಲ್ಲ. ಯಾರಾದರೂ ಬೀದಿಯ ಆ ತುದಿಯಿಂದ “ಕಲಾನಿಧಿಗಳೇ!” ಎಂದು ಕೂಗಿದರೆ ಅವರು ಒಂದು ಕ್ಷಣ ತಡೆದೇ ತಿರುಗುತ್ತಿದ್ದರು, ಇನ್ನೊಂದು ಸಲ ಕೂಗಲಿ ಎಂದು.

ಹೆಸರಿಟ್ಟವನಿಗೂ ಬೀದಿ ಒಂದು ಹೆಸರು ಇಟ್ಟಿತ್ತು: ಕತ್ತರಿ. ಅವನ ಕೈಯಲ್ಲಿದ್ದ ಕತ್ತರಿಗಿಂತ ಬಾಯಲ್ಲಿದ್ದದ್ದು ಹರಿತ ಎಂಬುದು ಎಲ್ಲರ ಅಭಿಪ್ರಾಯ.

ಕಲಾನಿಧಿಗಳ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ ಗುಂಡಿ, ಬೀಗದ ಕೈ, ಚಿಲ್ಲರೆ ಎಲ್ಲ ಅದರೊಳಗೆ. ಕೇಳಿದವರಿಗೆ ವಾಪಸು, ಕೇಳದವರದ್ದು ಅಲ್ಲೇ ವಾಸ. ಒಂದು ಬೆಳಿಗ್ಗೆ ಅವರ ಹೆಂಡತಿ ಆ ಡಬ್ಬಿಯನ್ನು ತೊಳೆಯಲೆಂದು ಬೋರಲು ಹಾಕಿದರು. ಎಲ್ಲ ಉದುರಿದರೂ ಒಂದು ನಾಣ್ಯ ತಳಕ್ಕೆ ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದಾಗ ಟಣ್ ಎಂದು ಹಾರಿ, ಇಸ್ತ್ರಿ ಮೇಜಿನ ಮೇಲೆ, ಕಲಾನಿಧಿಗಳ ಮೂಗಿನ ನೇರಕ್ಕೆ ಬಂದು ಬಿತ್ತು.

ಐದರ ನಾಣ್ಯ. ಆಗ ಐದರ ನಾಣ್ಯಗಳೆಲ್ಲ ಬೆಳ್ಳಗಿರುತ್ತಿದ್ದವು, ಒಂದು ಬದಿಯಲ್ಲಿ ಅಂಕಿ, ಇನ್ನೊಂದು ಬದಿಯಲ್ಲಿ ಹಕ್ಕಿ. ಇದು ಮಾತ್ರ ಅರ್ಧ ಬಿಳಿ, ಅರ್ಧ ತಾಮ್ರದ ಕೆಂಪು. ಎರಡರ ನಡುವಿನ ಅಂಚು, ಯಾರೋ ಕೈವಾರ ಇಟ್ಟು ಎಳೆದಂತೆ, ಚಂದ್ರನ ಹಾಗೆ ಬಾಗಿತ್ತು.

ಕಲಾನಿಧಿಗಳು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟರು. ಇಸ್ತ್ರಿ ಮಾಡಿದ ಬಟ್ಟೆ ಸುತ್ತಲು ತಂದಿದ್ದ ಹಳೆಯ ಪತ್ರಿಕೆಯಲ್ಲಿ ಹಿಂದಿನ ದಿನವಷ್ಟೇ ಅವರು ಒಂದು ಸುದ್ದಿ ಓದಿದ್ದರು. ಟಂಕಸಾಲೆಯಲ್ಲಿ ಎರಡು ಲೋಹ ಬೆರೆತು ತಪ್ಪಾಗಿ ಅಚ್ಚಾದ ಒಂದು ನಾಣ್ಯ ಒಂದು ಮನೆಯ ಬೆಲೆಗೆ ಹೋಗಿತ್ತು. ಆ ಸುದ್ದಿ ಈಗ ಯಾರದೋ ಎರಡು ಅಂಗಿಗಳನ್ನು ಸುತ್ತಿಕೊಂಡು ಹೊರಟುಹೋಗಿತ್ತು. ಆದರೆ ಕಲಾನಿಧಿಗಳ ತಲೆಯಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು.

“ಇಲ್ಲಿ ಕೊಡಿ ಅದನ್ನ, ಉಜ್ಜಿ ಹಾಕ್ತೀನಿ” ಎಂದರು ಹೆಂಡತಿ.

“ಮುಟ್ಟಬೇಡ!”

ಆ ಕೂಗಿಗೆ ಚಮಚ ಕೆಳಗೆ ಬಿತ್ತು. ಪಕ್ಕದ ಸಲೂನಿನಲ್ಲಿ ಯಾರದೋ ಅರ್ಧ ಮೀಸೆ ಹೋಯಿತೆಂದು ಆಮೇಲೆ ಸುದ್ದಿ ಬಂತು.

“ಇದು ಟಂಕಸಾಲೆಯ ತಪ್ಪು ಕಣೇ” ಎಂದು ಕಲಾನಿಧಿಗಳು ಪಿಸುಗುಟ್ಟಿದರು.

“ಯಾರ ತಪ್ಪಾದ್ರೂ ಆಗಲಿ, ಡಬ್ಬಿ ತೊಳೆಯೋಳು ನಾನೇ ತಾನೆ?” ಎಂದು ಆಕೆ ಡಬ್ಬಿ ಎತ್ತಿಕೊಂಡು ನಲ್ಲಿಯ ಕಡೆ ನಡೆದರು.

ಮಧ್ಯಾಹ್ನ ಊಟಕ್ಕೆ ಬಂದ ಭಾವಮೈದನಿಗೆ ವಿಷಯ ತಿಳಿಯಿತು. ಅವನು ಬ್ಯಾಂಕಿನಲ್ಲಿ ಕ್ಯಾಷಿಯರ್. ಹಣದ ವಿಷಯದಲ್ಲಿ ಆ ಮನೆಗೆ ಅವನ ಮಾತೇ ಕಾನೂನು. ಕರವಸ್ತ್ರದಲ್ಲಿ ನಾಣ್ಯ ಹಿಡಿದು, ಬೆಳಕಿಗೊಡ್ಡಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದ.

“ಭಾವ, ಹದಿನೆಂಟು ವರ್ಷದಿಂದ ದಿನಾ ಸಾವಿರಾರು ನಾಣ್ಯ ನೋಡಿದೀನಿ. ಇಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.”

ಈ ಮಾತು ಸುಳ್ಳಲ್ಲ. ಬ್ಯಾಂಕಿನಲ್ಲಿ ನಾಣ್ಯ ಎಣಿಸುವುದು ಯಂತ್ರ. ಆ ಹೊತ್ತಿನಲ್ಲಿ ಇವನು ನೋಡುತ್ತಿದ್ದುದು ಗೋಡೆ ಗಡಿಯಾರವನ್ನು.

“ಒಂದು ಮಾತು” ಎಂದು ಅವನು ಬಾಗಿಲವರೆಗೆ ಹೋಗಿ ತಿರುಗಿ ಬಂದ. “ಯಾರಿಗೂ ಹೇಳಬೇಡಿ. ಗಾಳಿಗೂ ಗೊತ್ತಾಗಬಾರದು.”

ಗಾಳಿಗೆ ಗೊತ್ತಾಯಿತೋ ಇಲ್ಲವೋ, ಅವನು ಬ್ಯಾಂಕು ಸೇರಿದ ಕಾಲು ಗಂಟೆಯೊಳಗೆ ಮ್ಯಾನೇಜರಿಗೆ, ಕಾವಲುಗಾರನಿಗೆ, ಪಾಸ್‌ಬುಕ್ ಬರೆಸಲು ನಿಂತಿದ್ದ ಹನ್ನೊಂದು ಜನರಿಗೆ ಗೊತ್ತಾಯಿತು. ಸಂಜೆ ಹೊತ್ತಿಗೆ ಕತ್ತರಿ ಕೈ ಒರೆಸಿಕೊಳ್ಳುತ್ತಾ ಬಂದ. ಕಲಾನಿಧಿಗಳು ನಾಣ್ಯವನ್ನು ಗಾಜಿನ ಲೋಟದ ಕೆಳಗೆ, ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದರು. ಅವನು ಲೋಟಕ್ಕೆ ಮೂಗು ತಾಗಿಸಿ ನೋಡಿದ.

“ಅಣ್ಣಾ, ಇದು ತುಕ್ಕು ಕಣಣ್ಣಾ.”

“ಏನಂದೆ?”

“ತುಕ್ಕು. ಹೋದ ವರ್ಷ ನನ್ನ ಹಳೇ ಕತ್ತರಿಗೂ ಇದೇ ಬಣ್ಣ ಬಂದಿತ್ತು. ಅದನ್ನ ಯಾರೂ ಮನೆ ಕೊಟ್ಟು ಕೊಂಡುಕೊಳ್ಳಲಿಲ್ಲ.”

ಕಲಾನಿಧಿಗಳು ಸಿಟ್ಟಾಗಲಿಲ್ಲ. ಸಿಟ್ಟು ಸಣ್ಣವರಿಗೆ. ಅವರು ಮುಗುಳ್ನಕ್ಕು, “ನೀನು ತಲೆ ಹೊರಗಿನದ್ದು ನೋಡ್ಕೋ ತಮ್ಮಾ. ತಲೆ ಒಳಗಿನ ವಿಷಯ ನಮಗಿರಲಿ” ಎಂದರು.

ಮಾರನೇ ದಿನ ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮುಂದೆ ಸಾಲು ನಿಂತಿತ್ತು. ಒಬ್ಬರ ಕೈಯಲ್ಲೂ ಬಟ್ಟೆ ಇರಲಿಲ್ಲ.

ಮೊದಲು ಬಂದವರು ಔಷಧಿ ಅಂಗಡಿಯವರು. “ಸ್ವಾಮಿ, ಆ ನಾಣ್ಯ ನನ್ನ ಬೂದು ಪ್ಯಾಂಟಿನ ಜೇಬಲ್ಲಿತ್ತು.” ಅವರ ಹಿಂದಿದ್ದ ಡ್ರೈವರ್, ಅದು ತನ್ನ ಖಾಕಿ ಅಂಗಿಯ ಜೇಬಿನದ್ದೆಂದ. ಡ್ರಾಯಿಂಗ್ ಮೇಷ್ಟ್ರು, ಅರ್ಧ ಬಿಳಿ ಅರ್ಧ ಕೆಂಪು ಎಂದ ಮೇಲೆ ಅದು ಬಣ್ಣದ ಕೆಲಸದವರಿಗಲ್ಲದೆ ಇನ್ನಾರಿಗೆ ಸೇರಬೇಕೆಂದು ವಾದಿಸಿದರು. ಭಾವಮೈದ ಬ್ಯಾಂಕಿಗೆ ರಜೆ ಹಾಕಿ ಬಂದು, ವಕೀಲನ ಗತ್ತಿನಲ್ಲಿ ಸ್ಟೂಲಿನ ಮೇಲೆ ಕುಳಿತು, “ನಾಣ್ಯದ ಮೇಲೆ ಯಾವ ವರ್ಷ ಇದೆ, ಹೇಳಿ” ಎಂದು ಒಬ್ಬೊಬ್ಬರನ್ನೇ ಕೇಳಿದ. ಏಳು ಜನ ಏಳು ವರ್ಷ ಹೇಳಿದರು. ಅದರಲ್ಲಿ ಒಂದು ವರ್ಷ ಇನ್ನೂ ಬಂದಿರಲೇ ಇಲ್ಲ.

ಸಾಲಿನ ಕೊನೆಯಲ್ಲಿ ಮೂಲೆಮನೆಯ ತಾತ ಇದ್ದರು.

“ನೀವು ನಮಗೆ ಕೊಡೋದು ಬರೀ ಹೊದಿಕೆ ಅಲ್ವಾ ತಾತ?” ಎಂದರು ಕಲಾನಿಧಿಗಳು.

“ಹೌದಪ್ಪಾ, ಬರೀ ಹೊದಿಕೆ.”

“ಹೊದಿಕೆಗೆ ಜೇಬೆಲ್ಲಿದೆ?”

ತಾತ ಕೋಲನ್ನು ನೆಲಕ್ಕೆ ಕುಟ್ಟಿದರು. “ಮಡಿಸಿ ಕೊಟ್ಟಿದ್ದೆ. ಮಡಿಕೆಯೊಳಗಿತ್ತು!”

ಗಲಾಟೆ ಜೋರಾಯಿತು. ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರು ಜನರನ್ನು ಪಕ್ಕಕ್ಕೆ ಸರಿಸುತ್ತಾ ಬಂದು, ಕೈಯಲ್ಲಿದ್ದ ಪುಸ್ತಕ ಬಿಚ್ಚಿದರು. “ಬೀದಿಯಲ್ಲಿ ಗುಂಪು ಸೇರಿಸೋದಕ್ಕೆ ಪರವಾನಗಿ ಇದೆಯೇನ್ರೀ? ಏನು ನಡೀತಿದೆ ಇಲ್ಲಿ?”

ವಿಷಯ ಹೇಳಿದರು. ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿದರು. ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ದನಿ ತಗ್ಗಿಸಿ, “ನನ್ನ ಯೂನಿಫಾರ್ಮೂ ನಿಮ್ಮಲ್ಲೇ ಒಗೆಯೋದು, ಅಲ್ವಾ?” ಎಂದರು.

ಎಂಟನೆಯ ವಾರಸುದಾರರೂ ಸಾಲಿಗೆ ಸೇರಿದ ಮೇಲೆ ಭಾವಮೈದನೇ ಒಂದು ದಾರಿ ಹೇಳಿದ. ಎರಡು ಬೀದಿ ಆಚೆಯ ಪುರಭವನದಲ್ಲಿ ನಾಣ್ಯಗಳ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಒಬ್ಬ ಹಿರಿಯ ಹೆಂಗಸು ಜನ ತಂದ ನಾಣ್ಯಗಳನ್ನು ಬಿಟ್ಟಿಯಾಗಿ ಪರೀಕ್ಷಿಸುತ್ತಾರಂತೆ. ಮೊದಲು ಬೆಲೆ ಗೊತ್ತಾಗಲಿ, ಯಾರದ್ದೆಂಬ ಜಗಳ ಆಮೇಲೆ. ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಕಲಾನಿಧಿಗಳು ಮದುವೆಯ ಕೋಟು ಹಾಕಿಕೊಂಡರು. ಅದರ ಮೇಲೆ ಮೂವತ್ತು ವರ್ಷದಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಹೊಟ್ಟೆಯ ಮೇಲೆ ಗುಂಡಿ ಕೂಡದಿದ್ದುದಷ್ಟೇ ಕೊರತೆ. ಮುಂದೆ ಅವರು, ಪಕ್ಕದಲ್ಲಿ ಭಾವಮೈದ, ಹಿಂದೆ ಎಂಟು ವಾರಸುದಾರರು, ಅವರ ಹಿಂದೆ ತಮಾಷೆ ನೋಡಲು ಕತ್ತರಿ, ಎಲ್ಲರಿಗಿಂತ ಹಿಂದೆ ಅಂಗಡಿಗೆ ಬೀಗ ಹಾಕಿಕೊಂಡು ಹೆಂಡತಿ. ಹೀಗೆ ಮೆರವಣಿಗೆ ಹೊರಟಿತು. ದಾರಿಯಲ್ಲಿ ಯಾರೋ ಇದು ಚುನಾವಣೆಯೆಂದುಕೊಂಡು ಕಲಾನಿಧಿಗಳಿಗೆ ಕೈಮುಗಿದರು. ಅವರೂ ಕೈಮುಗಿದರು.

ನಾಣ್ಯದ ಮೇಡಂ ಪುಟ್ಟ ಆಳು. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಮೇಜಿನ ಮೇಲೆ ಚಿನ್ನ ತೂಗುವಂಥ ಸಣ್ಣ ತಕ್ಕಡಿ. ಕಲಾನಿಧಿಗಳು ಕರವಸ್ತ್ರದ ನಾಲ್ಕು ಮಡಿಕೆಗಳನ್ನೂ ಬಿಡಿಸಿ ನಾಣ್ಯವನ್ನು ಮುಂದಿಟ್ಟರು. ಮೇಡಂ ಅದನ್ನು ಅಂಚಿನಲ್ಲಿ ಹಿಡಿದು ನೋಡಿದರು. ತೂಗಿದರು. ಪುಸ್ತಕದ ಪುಟ ಮಗುಚುವ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿದರು.

“ಹೀಗ್ಯಾಕೆ ತಿರುಗಿಸಿದ್ರಿ ಅಮ್ಮಾ?” ಎಂದರು ಕಲಾನಿಧಿಗಳು.

“ಮುಂದೆ ಅಂಕಿ ನೆಟ್ಟಗಿಟ್ಟು ಹೀಗೆ ಮಗುಚಿದ್ರೆ, ಹಿಂದೆ ಇರೋ ಹಕ್ಕಿನೂ ನೆಟ್ಟಗೆ ನಿಲ್ಲಬೇಕು. ಅಚ್ಚು ಸಡಿಲವಾಗಿ ತಿರುಗಿದ್ರೆ ಹಕ್ಕಿ ಓರೆಯಾಗುತ್ತೆ. ಅದು ನಿಜವಾದ ತಪ್ಪು. ಅಚ್ಚು ಬಿರುಕು ಬಿಟ್ಟಿದ್ರೆ ನಾಣ್ಯದ ಮೇಲೆ ಗೆರೆ ಉಬ್ಬಿಕೊಂಡಿರುತ್ತೆ. ಆಮೇಲೆ ಯಾರಾದ್ರೂ ಗೀರಿದ್ದಾದ್ರೆ ಗೆರೆ ತಗ್ಗಾಗಿರುತ್ತೆ. ಬೇರೆ ಲೋಹ ಸೇರಿದ್ರೆ ತೂಕದಲ್ಲಿ ವ್ಯತ್ಯಾಸ ಕಾಣುತ್ತೆ. ಟಂಕಸಾಲೆಯ ತಪ್ಪು ಅಂದ್ರೆ ಹುಟ್ಟುವಾಗಲೇ ಬಂದದ್ದು. ಹುಟ್ಟಿದ ಮೇಲೆ ಬಿದ್ದದ್ದು, ಏಟು ತಿಂದದ್ದು, ಮೈಗೆ ಹತ್ತಿಸಿಕೊಂಡದ್ದು, ಅದೆಲ್ಲ ತಪ್ಪಲ್ಲ. ಅದು ಜೀವನ.”

“ಇದು?”

“ಹಕ್ಕಿ ನೆಟ್ಟಗಿದೆ. ತೂಕ ಸರಿಯಿದೆ.” ಮೇಡಂ ಭೂತಗನ್ನಡಿ ಕೆಳಗಿಟ್ಟರು. “ಇದು ಬರೀ ಕಲೆ.”

ಕಲಾನಿಧಿಗಳ ಮುಖ ಕೆಂಪೇರಿ, ನಾಣ್ಯದ ಕೆಂಪು ಅದರ ಮುಂದೆ ಮಂಕಾಯಿತು. ನಾಣ್ಯಕ್ಕೆ ಬೆಲೆಯಿಲ್ಲವೆಂದಿದ್ದರೆ ಅವರು ಸಹಿಸಿಕೊಳ್ಳುತ್ತಿದ್ದರು. ಆದರೆ ಕಲೆ! ಅವರ ಮುಂದೆ! ಅವರಿಗೇ ಗುರುತು ಸಿಗದ ಕಲೆ!

“ಅಮ್ಮಾ, ತಾವು ಯಾರ ಹತ್ತಿರ ಮಾತಾಡ್ತಿದೀರಿ ಅಂತ ಗೊತ್ತಾ? ಇಪ್ಪತ್ತಾರು ವರ್ಷ ಕಲೆ ತೆಗೆದವನು ನಾನು. ಕಲೆಯಾಗಿದ್ರೆ ನನಗೆ ತಿಳೀತಿರಲಿಲ್ವಾ?”

“ಹೌದಾ? ಹಾಗಾದ್ರೆ ನೀವೇ ತೆಗೆದು ನೋಡಿ” ಎಂದರು ಮೇಡಂ ತಣ್ಣಗೆ. “ಮಾಮೂಲಿಯಾಗಿ ನಾಣ್ಯ ತೊಳೀಬಾರದು ಅಂತೀನಿ. ಒಳ್ಳೇ ನಾಣ್ಯ ತೊಳೆದ್ರೆ ಬೆಲೆ ಬಿದ್ದುಹೋಗುತ್ತೆ. ಇದಕ್ಕೆ ಆ ಭಯ ಇಲ್ಲ.”

“ತೊಳೀಬಾರದಂತೆ!” ಕಲಾನಿಧಿಗಳು ಜನರ ಕಡೆ ತಿರುಗಿದರು. “ತೊಳೆದೇ ಬದುಕಿದವನ ಮುಂದೆ ಹೇಳೋ ಮಾತಾ ಇದು?”

ಕತ್ತರಿ ಹಿಂದಿನಿಂದ ದನಿ ಎತ್ತಿದ. “ಅಣ್ಣಾ, ಯೋಚನೆ ಮಾಡು. ಕಲೆ ಹೋದ್ರೆ ಮನೆ ಹೋಯ್ತು. ಹೋಗದಿದ್ರೆ ‘ಕಲಾನಿಧಿ ಕೈಲಿ ಆಗಲಿಲ್ಲ’ ಅಂತ ಬೋರ್ಡು ಹೋಯ್ತು.”

ಇದನ್ನು ಕೇಳಿ ಭಾವಮೈದ ಕಲಾನಿಧಿಗಳ ಕೋಟಿನ ತೋಳು ಜಗ್ಗಿದ. “ಭಾವ, ಒಂದು ಕೆಲಸ ಮಾಡಿ. ಸುಮ್ಮನೆ ಉಜ್ಜಿದ ಹಾಗೆ ಮಾಡಿ. ಹೋಗಲಿಲ್ಲ ಅಂದುಬಿಡಿ.”

ಕಲಾನಿಧಿಗಳು ತೋಳು ಬಿಡಿಸಿಕೊಂಡರು. ಅವರ ಎದೆ ಎಷ್ಟು ಉಬ್ಬಿತೆಂದರೆ ಕೋಟಿನ ಬೆನ್ನಿನ ಹೊಲಿಗೆ ಚರಕ್ ಎಂದಿತು.

“ಉಜ್ಜಿದ ಹಾಗೆ ಮಾಡೋದು ನನ್ನ ಅಂಗಡಿಯಲ್ಲಿಲ್ಲ. ನಡೀರಿ ಎಲ್ಲರೂ. ಅಮ್ಮಾ, ತಾವೂ ಬನ್ನಿ.”

ಊಟದ ಬಿಡುವಾಗಿದ್ದರಿಂದ ಮೇಡಂ ಬಂದೇಬಿಟ್ಟರು. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರು ಕಿಟಕಿಯ ಸರಳು ಹಿಡಿದು ನಿಂತರು. ತಾತನನ್ನು ಯಾರೋ ಬಟ್ಟೆ ಮೂಟೆಯ ಮೇಲೆ ಕೂರಿಸಿದರು. ಕಲಾನಿಧಿಗಳು ಕೋಟು ಕಳಚಿ, ತೋಳು ಮಡಚಿ, ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿದರು.

“ಪಕ್ಕದಲ್ಲಿಟ್ಟು ಹೋಲಿಸೋಕೆ ಒಂದು ಐದರ ನಾಣ್ಯ ಬೇಕು. ಯಾರಾದ್ರೂ ಕೊಡಿ.”

ಎಂಟು ವಾರಸುದಾರರೂ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಕೊನೆಗೆ ಕತ್ತರಿಯೇ ತನ್ನ ಜೇಬಿನಿಂದ ಒಂದನ್ನು ತೆಗೆದು ಕೊಟ್ಟ. “ತಗೋ. ಇದನ್ನೂ ಮನೆ ಮಾಡಿಬಿಡಬೇಡ.” ಮೇಡಂ ಅದರ ಅಂಕಿಯ ಬದಿ ನೋಡಿ, ತಲೆಯಾಡಿಸಿ, ಬಟ್ಟೆಯ ಮೇಲಿಟ್ಟರು.

ಆಮೇಲೆ ಕಲಾನಿಧಿಗಳು ತಮ್ಮ ನಾಣ್ಯವನ್ನು ಕೈಗೆತ್ತಿಕೊಂಡರು. ಎರಡು ದಿನದಿಂದ ಅವರು ಅದನ್ನು ನೋಡಿದ್ದು ಮನೆ ಕೊಳ್ಳುವವನ ಕಣ್ಣಿನಲ್ಲಿ. ಈಗ ಮೊದಲ ಸಲ, ಗಿರಾಕಿಯೊಬ್ಬ ಹಿಡಿದು ತಂದ ಅಂಗಿಯನ್ನು ನೋಡುವ ಹಾಗೆ ನೋಡಿದರು. ಉಗುರಿನಿಂದ ಅಂಚನ್ನು ಮುಟ್ಟಿದರು. ಮೂಗಿನ ಹತ್ತಿರ ತಂದರು. ಅವರ ಮುಖ ಅರಳಿತು.

“ತುಕ್ಕು!” ಎಂದು ಗರ್ಜಿಸಿದರು. “ತಗಡಿನದ್ದು! ಒದ್ದೆ ತಗಡಿನ ಮೇಲೆ ತಿಂಗಳುಗಟ್ಟಲೆ ಕೂತದ್ದು. ಅರ್ಧಕ್ಕೆ ಮಾತ್ರ ಯಾಕೆ ಹತ್ತಿದೆ ಹೇಳಿ ನೋಡೋಣ? ಯಾರಿಗೂ ಗೊತ್ತಿಲ್ಲ! ಇದರ ಕೆಳಗೆ ಇನ್ನೊಂದು ನಾಣ್ಯ ಅರ್ಧ ಅಡ್ಡ ಇತ್ತು. ಅದು ಮುಚ್ಚಿದಷ್ಟು ಜಾಗ ಬೆಳ್ಳಗೆ ಉಳೀತು. ಅದಕ್ಕೇ ಅಂಚು ದುಂಡಗಿದೆ!”

ಆ ದನಿಯಲ್ಲಿ ಮನೆ ಕಳೆದುಕೊಂಡವನ ದುಃಖ ಒಂದು ಚೂರೂ ಇರಲಿಲ್ಲ. ಮೇಡಂ ಅಚ್ಚರಿಯಿಂದ, “ದುಂಡಗಿನ ಅಂಚಿನ ವಿಷಯ ನನಗೂ ಹೊಳೆದಿರಲಿಲ್ಲ” ಎಂದರು. ಕಲಾನಿಧಿಗಳು ಆ ಮಾತು ಕಿಟಕಿಯವರೆಗೂ ಕೇಳಿಸಲೆಂದು, “ಏನಂದ್ರಿ ಅಮ್ಮಾ?” ಎಂದರು. ಮೇಡಂ ಇನ್ನೊಮ್ಮೆ ಹೇಳಿದರು.

ತುಕ್ಕು ತೆಗೆಯುವ ಪುಡಿ ಒಂದು ಚಿಟಿಕೆ, ಬಿಸಿನೀರು ನಾಲ್ಕು ಹನಿ. ಕಲಾನಿಧಿಗಳು ಕಣ್ಣು ಮುಚ್ಚಿ ಅರವತ್ತರವರೆಗೆ ಎಣಿಸಿದರು. ಅಂಗಡಿಯಲ್ಲಿದ್ದವರೆಲ್ಲ ಅವರ ಜೊತೆಗೇ ಎಣಿಸಿದರು. ಆಮೇಲೆ ನಾಣ್ಯವನ್ನು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ, ಎತ್ತಿ ಹಿಡಿದರು. ಪೂರಾ ಬಿಳಿ. ಚಂದ್ರನೂ ಇಲ್ಲ, ತಾಮ್ರವೂ ಇಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಮೇಡಂ.

ಚಪ್ಪಾಳೆ ಮುಗಿಯುವಷ್ಟರಲ್ಲಿ ವಾರಸುದಾರರ ನೆನಪಿನ ಶಕ್ತಿ ಮರಳಿತು. ಔಷಧಿ ಅಂಗಡಿಯವರಿಗೆ ತಮ್ಮ ಬೂದು ಪ್ಯಾಂಟಿನ ಜೇಬು ಹರಿದಿದ್ದುದು ನೆನಪಾಯಿತು. ಇನ್‌ಸ್ಪೆಕ್ಟರು, “ನಮ್ಮ ಯೂನಿಫಾರ್ಮ್ ಮನೇಲೇ ಒಗೀತಾರೆ ಬಿಡಿ” ಎಂದು ಕಿಟಕಿಯಿಂದ ಕಾಣೆಯಾದರು. “ನಿಮ್ಮದೇನು ತಾತ?” ಎಂದು ಕೇಳಿದರೆ ತಾತ, “ಹೊದಿಕೆಗೆ ಜೇಬೆಲ್ಲಿರುತ್ತೆ, ಬುದ್ಧಿ ಬೇಡ್ವಾ?” ಎಂದು ರೇಗಿದರು. ಭಾವಮೈದ ಅರ್ಧ ದಿನದ ರಜೆ ಉಳಿಸಲೆಂದು ಬ್ಯಾಂಕಿಗೆ ಓಡಿದ.

ಉಳಿದವರು ಮೇಡಂ, ಹೆಂಡತಿ, ಕತ್ತರಿ ಮತ್ತು ಹೊರಗೆ ಹೋಗಲು ದಾರಿ ಸಿಗದ ನಾಲ್ಕೈದು ಜನ. ಕಲಾನಿಧಿಗಳು ಎರಡು ನಾಣ್ಯಗಳನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟರು. ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಹಿಂಬದಿಯೂ ಶುದ್ಧವಾಗಿದೆಯೆಂದು ತೋರಿಸಲು, ಮೇಡಂ ಮಾಡಿದಂತೆಯೇ, ಪುಟ ಮಗುಚುವ ಹಾಗೆ ಎರಡನ್ನೂ ಒಂದೊಂದಾಗಿ ಮಗುಚಿದರು.

ಒಂದರ ಹಕ್ಕಿ ನೆಟ್ಟಗೆ ನಿಂತಿತ್ತು. ಇನ್ನೊಂದರ ಹಕ್ಕಿ ಕಾಲು ಮೇಲೆ ಮಾಡಿ, ತಲೆಯ ಮೇಲೆ ನಿಂತಿತ್ತು.

ಕಲಾನಿಧಿಗಳು ಅದನ್ನು ವಾಪಸು ಮಗುಚಿದರು. ಅಂಕಿ ನೆಟ್ಟಗಿತ್ತು. ಮತ್ತೆ ಮಗುಚಿದರು. ಹಕ್ಕಿ ತಲೆಕೆಳಗು. ಅದು ಅವರ ನಾಣ್ಯವಲ್ಲ. ಅವರದ್ದರ ಅರ್ಧಭಾಗ ಈಗಷ್ಟೇ ತೊಳೆದು ತುಸು ಹೆಚ್ಚು ಹೊಳೆಯುತ್ತಿತ್ತು. ಇದು ಕತ್ತರಿಯದು. ಮೇಡಂ ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಬೇರೆ ಯಾರೂ ನೋಡುತ್ತಿರಲಿಲ್ಲ.

ಕತ್ತರಿ ಕೈಚಾಚಿದ. “ಕೊಡಣ್ಣಾ, ಗಿರಾಕಿ ಕಾಯ್ತಿದಾರೆ. ಯಾವುದಾದ್ರೂ ಒಂದು ಕೊಡು. ಎರಡೂ ಐದೇ ತಾನೆ.”

ಯಾವುದಾದರೂ ಒಂದು! ಲಾಂಡ್ರಿಯವನಿಗೆ ಹೇಳುವ ಮಾತೇ ಇದು? ಒಬ್ಬರ ಅಂಗಿಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆಂದು ಒಂದೇ ಒಂದು ದೂರು ಆ ಅಂಗಡಿಯ ಮೇಲೆ ಎಂದೂ ಬಂದದ್ದಿಲ್ಲ. ಕಲಾನಿಧಿಗಳ ಬೆರಳು ಒಂದು ಕ್ಷಣ, ನಿಜ ಹೇಳಬೇಕೆಂದರೆ ಎರಡು ಕ್ಷಣ, ಎರಡು ನಾಣ್ಯಗಳ ನಡುವೆ ಆಡಿತು. ಆಮೇಲೆ ತಲೆಕೆಳಗಾದ ಹಕ್ಕಿಯನ್ನೇ ಎತ್ತಿ ಕತ್ತರಿಯ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಮುಚ್ಚಿಸಿದರು.

“ಇದೇ ನಿನ್ನದು. ಖರ್ಚು ಮಾಡಿಬಿಡಬೇಡ ತಮ್ಮಾ. ಇದು ಟಂಕಸಾಲೆಯ ತಪ್ಪು.”

ಕತ್ತರಿ ಹೊಟ್ಟೆ ಹಿಡಿದು ನಕ್ಕ. “ಅತ್ತಿಗೇ, ಅಣ್ಣನಿಗೆ ನಾಣ್ಯದ ಹುಚ್ಚು ಇನ್ನೂ ಇಳಿದಿಲ್ಲ!” ಹೆಂಡತಿ, “ರೀ, ಇವತ್ತಿಗೆ ಸಾಕು” ಎಂದರು. ಆದರೆ ಮೇಡಂ ನಗಲಿಲ್ಲ. ಕತ್ತರಿಯ ಮುಷ್ಟಿಯನ್ನು ತಾವೇ ಬಿಡಿಸಿ, ನಾಣ್ಯ ಹಿಡಿದು ಮಗುಚಿದರು. ಮತ್ತೊಮ್ಮೆ ಮಗುಚಿದರು. ಭೂತಗನ್ನಡಿ ಕಣ್ಣಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ಉಳಿಯಿತು.

“ನಾನು ಇದರ ಮುಂದುಗಡೆ ಮಾತ್ರ ನೋಡಿದೆ” ಎಂದರು ಕೊನೆಗೆ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. “ನಲವತ್ತು ವರ್ಷದ ಅನುಭವ ಇದ್ದೂ ಹಿಂದುಗಡೆ ನೋಡಲಿಲ್ಲ. ಇವರು ನೋಡಿದ್ರು. ಅಚ್ಚು ಪೂರ್ತಿ ತಿರುಗಿಬಿಟ್ಟಿದೆ. ಇಂಥದ್ದು ಸಿಗೋದು ಅಪರೂಪ.”

“ಮನೆ ಬರುತ್ತಾ?” ಎಂದ ಕತ್ತರಿ.

“ಮನೆ ಬರಲ್ಲ. ಸಲೂನಿಗೆ ಎರಡು ಒಳ್ಳೇ ಕುರ್ಚಿ ಬರಬಹುದು.”

ಕತ್ತರಿ ಕಲಾನಿಧಿಗಳನ್ನೂ ನಾಣ್ಯವನ್ನೂ ನೋಡಿದ. “ಅಣ್ಣಾ, ನಾನು ಯಾವುದಾದ್ರೂ ಒಂದು ಅಂದಿದ್ದೆ.”

“ಅಂದಿದ್ದೆ.”

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಒಂದು ಕುರ್ಚಿ ದುಡ್ಡು ನಿನಗೆ.”

“ನನ್ನ ಅಂಗಡಿಗೆ ಬಂದವರು ಕೂರಲ್ಲ, ಬಟ್ಟೆ ಕೊಟ್ಟು ಹೋಗ್ತಾರೆ. ನನಗೆ ಕುರ್ಚಿ ಯಾಕೆ?” ಎಂದ ಕಲಾನಿಧಿಗಳು ಗಂಟಲು ಸರಿಮಾಡಿಕೊಂಡರು. “ಆದ್ರೆ ಇದನ್ನ ಕಂಡುಹಿಡಿದದ್ದು ಯಾರು ಅಂತ ಗಿರಾಕಿಗಳಿಗೆ ಹೇಳಿದ್ರೆ ತಪ್ಪೇನಿಲ್ಲ.”

ಅಂದು ಸಂಜೆಯಿಂದಲೇ ಕತ್ತರಿ ಹೇಳತೊಡಗಿದ. ಕಿವಿಯ ಹತ್ತಿರ ಕತ್ತರಿ ಆಡುತ್ತಿರುವಾಗ ಯಾವ ಗಿರಾಕಿ ತಾನೆ ಎದ್ದು ಹೋದಾನು? ಎಲ್ಲರೂ ಕೊನೆಯವರೆಗೆ ಕೇಳಿದರು.

ಮಾರನೇ ದಿನ ಪ್ರದರ್ಶನದ ಕೊನೆಯ ದಿನ. ಮೇಡಂ ಹೇಳಿಕಳಿಸಿದ್ದರಿಂದ ಕಲಾನಿಧಿಗಳು ಪುರಭವನದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಕುತ್ತಿಗೆಯಲ್ಲಿ ಅವರಿಗೂ ಒಂದು ಭೂತಗನ್ನಡಿ. ಸುದ್ದಿ ಹರಡಿ ಜನ ಬಾಗಿಲಾಚೆಗೂ ಸಾಲು ನಿಂತಿದ್ದರು. ಹನ್ನೊಂದು ಗಂಟೆಗೆ ಭಾವಮೈದ ಬಂದ. ಅವನ ಕರವಸ್ತ್ರದಲ್ಲಿ ಅಂಚು ಸೊಟ್ಟಗಾದ ಒಂದು ನಾಣ್ಯವಿತ್ತು. ಬ್ಯಾಂಕಿನಲ್ಲಿ ಮೊದಲ ಬಾರಿಗೆ ಗಡಿಯಾರ ಬಿಟ್ಟು ನಾಣ್ಯದ ಕಡೆ ನೋಡಿದಾಗ ಸಿಕ್ಕಿದ್ದು, ತನ್ನದೊಂದು ಐದನ್ನು ಹಾಕಿ ಬದಲಿಸಿಕೊಂಡದ್ದು.

ಕಲಾನಿಧಿಗಳು ತಲೆಯೆತ್ತಲಿಲ್ಲ. ನಾಣ್ಯವನ್ನು ಓರೆಯಾಗಿ ಹಿಡಿದು, ಉಗುರು ಆಡಿಸಿದರು.

“ತಗ್ಗಾಗಿದೆ. ಸುತ್ತಿಗೆ ಏಟು. ಮುಂದಿನವರು ಬನ್ನಿ.”

“ಭಾವ, ನಾನು ಭಾವ! ಸರಿಯಾಗಿ ನೋಡಿ.”

“ನೋಡಿದೆ. ನಿನಗೂ ಅಷ್ಟೇ, ಬೇರೆಯವರಿಗೂ ಅಷ್ಟೇ. ಸುತ್ತಿಗೆ ಏಟು.”

ಸಾಲಿನ ಪಕ್ಕದಲ್ಲಿ, ಅವರ ಊಟದ ಡಬ್ಬಿ ಹಿಡಿದು ಹೆಂಡತಿ ನಿಂತಿದ್ದರು. ಹಿಂದಿದ್ದ ಹೆಂಗಸೊಬ್ಬಳು ಕತ್ತು ಉದ್ದ ಮಾಡಿ, “ಅಬ್ಬಾ, ಸ್ವಂತದವರಿಗೂ ಬಿಡಲ್ವಲ್ಲಾ! ಯಾರ್ರೀ ಅವರು?” ಎಂದಳು.

ಹೆಂಡತಿ ಸೆರಗು ಸರಿಮಾಡಿಕೊಂಡರು. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಆ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ನಮ್ಮನೆಯವರು.”